ರೀಡೈರೆಕ್ಟ್ ಮೂಲಕ ರುಜುವಾತು ಸೋರಿಕೆ

ರೀಡೈರೆಕ್ಟ್ ಮೂಲಕ ರುಜುವಾತು ಸೋರಿಕೆ: ಒಂದು ವೆಬ್ ಸರ್ವರಿಗೆಂದು ಕೊಟ್ಟ ಪಾಸ್‌ವರ್ಡ್, ಟೋಕನ್, ಕುಕಿ ಮೊದಲಾದ ಗುಟ್ಟಿನ ಗುರುತುಗಳನ್ನು ಗ್ರಾಹಕ ತಂತ್ರಾಂಶವು, ಆ ಸರ್ವರ್ ಕೈತೋರಿದ ಇನ್ನೊಂದು ಸರ್ವರಿಗೂ ಒಯ್ದು ಒಪ್ಪಿಸಿಬಿಡುವ ಭದ್ರತಾ ದೋಷ. ಗುರುತನ್ನು ಸಾಬೀತು ಮಾಡುವ ಇಂಥ ದಾಖಲೆಗಳಿಗೆ ಒಟ್ಟಾಗಿ ರುಜುವಾತು ಎಂದು ಹೆಸರು. ಪ್ರೋಗ್ರಾಂ ಬರೆಯುವವರು ವೆಬ್ಬಿನಿಂದ ಮಾಹಿತಿ ತರಿಸಿಕೊಳ್ಳಲು ಬಳಸುವ ಸಿದ್ಧ ಕೋಡಿನ ಕಟ್ಟಿಗೆ ಗ್ರಾಹಕ ಲೈಬ್ರರಿ ಎನ್ನುತ್ತಾರೆ. ಕರ್ಲ್, ಪೈಥಾನಿನ ರಿಕ್ವೆಸ್ಟ್ಸ್ ಮತ್ತು ಯುಆರ್‌ಎಲ್‌ಲಿಬ್3, ಪಿಎಚ್‌ಪಿಯ ಗಸ್ಸಲ್, ನೋಡ್ ಲೋಕದ ಫಾಲೋ-ರೀಡೈರೆಕ್ಟ್ಸ್, ಗೋ ಭಾಷೆಯ ನೆಟ್-ಎಚ್‌ಟಿಟಿಪಿ ಇವುಗಳಲ್ಲಿ ಮುಖ್ಯವಾದವು. ಇವುಗಳಲ್ಲಿ ಪ್ರತಿಯೊಂದರಲ್ಲೂ ಈ ದೋಷ ಒಂದಲ್ಲ ಒಂದು ರೂಪದಲ್ಲಿ ಕಾಣಿಸಿಕೊಂಡಿದೆ, ಕೆಲವುಗಳಲ್ಲಿ ಮೂರು ನಾಲ್ಕು ಸಲ. ಸೋರಿಕೆಯಾದಾಗ ಪರದೆಯ ಮೇಲೆ ಎಚ್ಚರಿಕೆ ಮೂಡುವುದಿಲ್ಲ. ಕೇಳಿದ ಕಡತ ಸರಿಯಾಗಿಯೇ ಕೈಸೇರುತ್ತದೆ. ಆದ್ದರಿಂದಲೇ ಇದು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯಬಲ್ಲದು.

ದೋಷದ ಸ್ವರೂಪ

ಬೆಳಗಾವಿಯ ನೆಹರು ನಗರದಲ್ಲಿ, ಕೆಎಲ್‌ಇ ಆಸ್ಪತ್ರೆಯ ಆಸುಪಾಸಿನ ಒಂದು ಮನೆ ಎಂದಿಟ್ಟುಕೊಳ್ಳೋಣ. ಅಂಗಡಿಯ ಹುಡುಗನ ಕೈಗೆ ಕಪಾಟಿನ ಕೀಲಿಕೈ ಕೊಟ್ಟು, ‘ಆ ಮನೆಗೆ ಹೋಗಿ, ಕೀಲಿ ತೋರಿಸಿ, ಕಾಗದಪತ್ರ ಇಸಗೊಂಡು ಬಾ’ ಎಂದು ಕಳಿಸುತ್ತೇವೆ. ಗೇಟಿನ ಮೇಲೆ ಒಂದು ಚೀಟಿ: ‘ನಾವು ಖಾನಾಪುರಕ್ಕೆ ಹೋಗಿದ್ದೇವೆ, ಅಲ್ಲಿಗೆ ಬನ್ನಿ’. ಹುಡುಗ ಬಲು ವಿಧೇಯ. ಬಸ್ ಹತ್ತಿ ಖಾನಾಪುರಕ್ಕೆ ಹೋಗಿ, ಬಾಗಿಲು ತೆರೆದವರ ಮುಂದೆ ಅದೇ ಕೀಲಿಕೈ ಹಿಡಿಯುತ್ತಾನೆ. ಅವರು ಕೀಲಿಯ ಅಚ್ಚು ತೆಗೆದುಕೊಂಡು, ನಗುನಗುತ್ತಾ ಕಾಗದಪತ್ರ ಕೊಟ್ಟು ಕಳಿಸುತ್ತಾರೆ. ಹುಡುಗ ಹೊತ್ತಿಗೆ ಸರಿಯಾಗಿ ಮರಳುತ್ತಾನೆ, ಕೆಲಸವೂ ಆಗಿರುತ್ತದೆ. ಚೀಟಿ ಬರೆದವರು ಯಾರು, ಖಾನಾಪುರದ ಮನೆ ಯಾರದು ಎಂದು ಕೇಳಿ ಬಾ ಅಂತ ಅವನಿಗೆ ನಾವು ಹೇಳಿರಲೇ ಇಲ್ಲ.

ಗ್ರಾಹಕ ಲೈಬ್ರರಿ ಈ ಹುಡುಗನ ಹಾಗೆ. ಹೊಸ ವಿಳಾಸಕ್ಕೆ ಹೋಗುವುದು ಮತ್ತು ಕೀಲಿಯನ್ನು ಹೊಸ ವಿಳಾಸಕ್ಕೆ ತೋರಿಸುವುದು ಎರಡು ಬೇರೆ ಬೇರೆ ತೀರ್ಮಾನಗಳು. ಬಹುಪಾಲು ಲೈಬ್ರರಿಗಳ ಮೊದಲ ಆವೃತ್ತಿಗಳಲ್ಲಿ ಇವೆರಡೂ ಒಂದೇ ಸಾಲಿನ ಕೋಡಿನಲ್ಲಿ ಬೆರೆತುಹೋಗಿದ್ದವು: ಹಳೆಯ ಕೋರಿಕೆಯನ್ನು ಹಾಗೇ ನಕಲು ಮಾಡು, ವಿಳಾಸ ಮಾತ್ರ ಬದಲಿಸು, ಮತ್ತೆ ಕಳಿಸು. ದೋಷದ ಮೂಲ ಈ ನಕಲಿನಲ್ಲಿದೆ.

ಎಚ್‌ಟಿಟಿಪಿಯಲ್ಲಿ ರೀಡೈರೆಕ್ಟ್

ವೆಬ್ಬಿನ ಮಾತುಕತೆಯ ನಿಯಮಾವಳಿಯಾದ ಎಚ್‌ಟಿಟಿಪಿಯಲ್ಲಿ ಸರ್ವರಿನ ಪ್ರತಿ ಉತ್ತರಕ್ಕೂ ಮೂರಂಕಿಯ ಸಂಖ್ಯೆಯೊಂದು ಇರುತ್ತದೆ. 200 ಎಂದರೆ ಸರಿ, 404 ಎಂದರೆ ಸಿಗಲಿಲ್ಲ. 3ರಿಂದ ಆರಂಭವಾಗುವ ಸಂಖ್ಯೆಗಳಲ್ಲಿ ಐದು ‘ಬೇರೆ ಕಡೆ ಹೋಗಿ’ ಎನ್ನುತ್ತವೆ, ಇದೇ ರೀಡೈರೆಕ್ಟ್; ಹೋಗಬೇಕಾದ ಜಾಗವನ್ನು ‘ಲೊಕೇಶನ್’ ಎಂಬ ಹೆಡರ್ ಸಾಲು ತಿಳಿಸುತ್ತದೆ. 1996ರ ಎಚ್‌ಟಿಟಿಪಿ 1.0 ದಾಖಲೆಯಾದ ಆರ್‌ಎಫ್‌ಸಿ 1945ರಲ್ಲೇ 301 (ಕಾಯಂ ಸ್ಥಳಾಂತರ) ಮತ್ತು 302 (ತಾತ್ಕಾಲಿಕ) ಇದ್ದವು. 303 ಮತ್ತು 307 ಎಚ್‌ಟಿಟಿಪಿ 1.1ರ ಕಾಲದಲ್ಲಿ ಸೇರಿದವು. 308ಕ್ಕೆ 2015ರಲ್ಲಿ ಆರ್‌ಎಫ್‌ಸಿ 7538 ರೂಪದಲ್ಲಿ ಮಾನ್ಯತೆ ದೊರಕಿತು.

ಈ ಐದರ ನಡುವಿನ ವ್ಯತ್ಯಾಸ ಸೋರಿಕೆಯ ದೃಷ್ಟಿಯಿಂದ ಮುಖ್ಯ. ಫಾರ್ಮ್ ತುಂಬಿ ಕಳಿಸುವ ಪೋಸ್ಟ್ ಕೋರಿಕೆಗೆ 303 ಉತ್ತರ ಬಂದರೆ ಗ್ರಾಹಕ ತಂತ್ರಾಂಶ ಫಾರ್ಮಿನ ಒಡಲನ್ನು ಬಿಟ್ಟು, ಬರಿಗೈಯಲ್ಲಿ ಗೆಟ್ ಕೋರಿಕೆಯಾಗಿ ಮುಂದಿನ ವಿಳಾಸಕ್ಕೆ ಹೋಗಬೇಕು. 301 ಮತ್ತು 302ರಲ್ಲೂ ಬ್ರೌಸರ್‌ಗಳು ರೂಢಿಯಿಂದ ಹಾಗೆಯೇ ಮಾಡುತ್ತ ಬಂದಿವೆ. 307 ಮತ್ತು 308 ಮಾತ್ರ ಪೋಸ್ಟನ್ನು ಪೋಸ್ಟ್ ಆಗಿಯೇ, ಒಡಲಿನ ಸಮೇತ ಮುಂದಿನ ವಿಳಾಸಕ್ಕೆ ಕಳಿಸಲು ಹೇಳುತ್ತವೆ. ಲಾಗಿನ್ ಫಾರ್ಮಿನ ಒಡಲಿನಲ್ಲಿ ಪಾಸ್‌ವರ್ಡ್ ಇದ್ದರೆ ಅದೂ ಜೊತೆಗೆ ಹೊರಡುತ್ತದೆ.

ರೀಡೈರೆಕ್ಟ್ ವೆಬ್ಬಿನ ದಿನನಿತ್ಯದ ವ್ಯವಹಾರ. ಎಚ್‌ಟಿಟಿಪಿಯಿಂದ ಅದರ ಗೂಢಲಿಪಿಯ ರೂಪವಾದ ಎಚ್‌ಟಿಟಿಪಿಎಸ್‌ಗೆ ಏರಿಸುವುದು, ಹಳೆಯ ಹೆಸರಿನ ತಾಣದಿಂದ ಹೊಸ ಹೆಸರಿನ ತಾಣಕ್ಕೆ ಕಳಿಸುವುದು, ದೊಡ್ಡ ಕಡತವನ್ನು ಮೋಡದ ಸಂಗ್ರಹದಿಂದ ಕೊಡುವುದು, ಹಣ ಪಾವತಿಗೆ ಬ್ಯಾಂಕಿನ ಪುಟಕ್ಕೆ ದಾಟಿಸುವುದು ಎಲ್ಲವೂ ಇದರ ಮೇಲೆಯೇ ನಿಂತಿವೆ. ಒಂದರ ಹಿಂದೆ ಒಂದು ಎಷ್ಟು ರೀಡೈರೆಕ್ಟ್ ಆದರೂ ಬಳಕೆದಾರನಿಗೆ ಗೊತ್ತಾಗದಂತೆ ಲೈಬ್ರರಿ ನಡೆಸಿಕೊಡುತ್ತದೆ. ಸುತ್ತು ಬೀಳದಿರಲೆಂದು ಗೋ 10ಕ್ಕೆ, ರಿಕ್ವೆಸ್ಟ್ಸ್ 30ಕ್ಕೆ, ಕರ್ಲ್ ಆದೇಶ 50ಕ್ಕೆ ಮಿತಿ ಹಾಕಿಕೊಂಡಿವೆ. ಎಷ್ಟು ದೂರ ಹೋಗಬಹುದು ಎಂಬ ಎಣಿಕೆಗೆ ಹೀಗೆ ಮಿತಿ ಬಂತು. ಏನನ್ನು ಹೊತ್ತು ಹೋಗಬಹುದು ಎಂಬುದಕ್ಕೆ ಲಿಖಿತ ಮಿತಿ ಬಂದದ್ದು ತಡವಾಗಿ.

ರುಜುವಾತು ಎಲ್ಲೆಲ್ಲಿ ಕೂತಿರುತ್ತದೆ

ಕೋರಿಕೆಯೊಂದರಲ್ಲಿ ರುಜುವಾತು ಇರಬಹುದಾದ ಜಾಗಗಳು ಹಲವು. ಪ್ರತಿಯೊಂದಕ್ಕೂ ಅದರದೇ ಸೋರುವ ದಾರಿ ಇದೆ.

ಆಥರೈಸೇಶನ್ ಹೆಡರ್: ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ ಜಾಗ. ‘ಬೇಸಿಕ್’ ಪದ್ಧತಿಯಲ್ಲಿ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡನ್ನು ಕೋಲನ್ ಹಾಕಿ ಜೋಡಿಸಿ ಬೇಸ್64 ಲಿಪಿಗೆ ತಿರುಗಿಸುತ್ತಾರೆ. ಇದು ಗೂಢಲಿಪಿ ಅಲ್ಲ. ಯಾರು ಬೇಕಾದರೂ ಕ್ಷಣದಲ್ಲಿ ಬಿಡಿಸಿ ಓದಬಹುದು. ಈ ಪದ್ಧತಿಯ ಅಧಿಕೃತ ದಾಖಲೆಗಳಲ್ಲಿ ಮೊದಲಿನಿಂದಲೂ ಕೊಡುತ್ತ ಬಂದಿರುವ ಉದಾಹರಣೆಯಲ್ಲಿ ಬಳಕೆದಾರ ಅಲಾದೀನ್, ಪಾಸ್‌ವರ್ಡ್ ‘ಓಪನ್ ಸೆಸಮಿ’. ‘ಬೇರರ್’ ಪದ್ಧತಿಯಲ್ಲಿ (ಆರ್‌ಎಫ್‌ಸಿ 6750, 2012) ಪಾಸ್‌ವರ್ಡ್ ಬದಲು ಟೋಕನ್ ಇರುತ್ತದೆ. ಬೇರರ್ ಚೆಕ್ಕಿನಂತೆ ಇದು ಯಾರ ಕೈಯಲ್ಲಿದೆಯೋ ಅವರೇ ಅದರ ಒಡೆಯರು.

ಕುಕಿ: ಲಾಗಿನ್ ಆದ ಮೇಲೆ ಸರ್ವರ್ ಕೊಡುವ ಗುರುತು. ಕುಕಿ ಡಬ್ಬಿಯನ್ನು ಲೈಬ್ರರಿಯೇ ನೋಡಿಕೊಂಡರೆ ಯಾವ ಕುಕಿ ಯಾವ ತಾಣದ್ದು ಎಂಬ ಲೆಕ್ಕ ಇರುತ್ತದೆ. ಪ್ರೋಗ್ರಾಂ ಬರೆದವರು ಕುಕಿಯನ್ನು ತಾವೇ ಹೆಡರ್ ಸಾಲಾಗಿ ಸೇರಿಸಿದರೆ ಆ ಲೆಕ್ಕ ತಪ್ಪುತ್ತದೆ. ಅದು ಬರೀ ಒಂದು ಸಾಲಾಗಿ ಎಲ್ಲೆಡೆ ಹೋಗುತ್ತದೆ.

ಪ್ರಾಕ್ಸಿ-ಆಥರೈಸೇಶನ್: ಕಚೇರಿ, ಕಾಲೇಜುಗಳ ಜಾಲದಲ್ಲಿ ಹೊರಗೆ ಹೋಗಲು ನಡುವಿನ ಪ್ರಾಕ್ಸಿ ಸರ್ವರಿಗೆ ಕೊಡುವ ಪಾಸ್‌ವರ್ಡ್. ಇದು ಪ್ರಾಕ್ಸಿಯಲ್ಲೇ ನಿಲ್ಲಬೇಕು, ಗುರಿಯ ಸರ್ವರಿಗೆ ಕಾಣಬಾರದು.

ಸ್ವಂತ ಹೆಸರಿನ ಹೆಡರ್: ‘ಎಕ್ಸ್-ಎಪಿಐ-ಕೀ’ ಮುಂತಾದ, ಸೇವೆ ಕೊಡುವವರು ತಮಗೆ ತೋಚಿದಂತೆ ಹೆಸರಿಟ್ಟ ಸಾಲುಗಳು. ಇವು ಗುಟ್ಟಿನವು ಎಂದು ಲೈಬ್ರರಿಗೆ ತಿಳಿಯುವ ದಾರಿಯೇ ಇಲ್ಲ.

ವಿಳಾಸ: ಪ್ರಶ್ನೆ ಗುರುತಿನ ನಂತರದ ಭಾಗದಲ್ಲಿ ಟೋಕನ್ ಇದ್ದರೆ, ಹಿಂದಿನ ಪುಟ ಯಾವುದು ಎಂದು ಹೇಳುವ ‘ರೆಫರರ್’ ಸಾಲಿನ ಮೂಲಕ ಅದು ಮುಂದಿನ ತಾಣಕ್ಕೆ ತಲುಪಬಹುದು.

ನೆಟ್‌ಆರ್‌ಸಿ ಕಡತ: ಯಾವ ಯಂತ್ರಕ್ಕೆ ಯಾವ ಹೆಸರು, ಯಾವ ಪಾಸ್‌ವರ್ಡ್ ಎಂದು ಬರೆದಿಟ್ಟ, ಯುನಿಕ್ಸ್ ಕಾಲದ ಪಟ್ಟಿ. ಕರ್ಲ್, ರಿಕ್ವೆಸ್ಟ್ಸ್‌ನಂಥ ಉಪಕರಣಗಳು ಇದನ್ನು ಓದಬಲ್ಲವು.

‘ಅದೇ ಜಾಗ’ ಎಂದರೆ ಯಾವುದು

ಸೋರಿಕೆ ತಡೆಯಲು ಲೈಬ್ರರಿ ಒಂದೇ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು: ಹೊಸ ವಿಳಾಸ ಹಳೆಯ ಜಾಗದ್ದೇ, ಬೇರೆಯದೇ? ಈ ದೋಷದ ಚರಿತ್ರೆಯ ಬಹುಭಾಗ ಈ ಪ್ರಶ್ನೆಗೆ ಸಿಕ್ಕ ಅರೆಬರೆ ಉತ್ತರಗಳ ಚರಿತ್ರೆ.

ಮೊದಲ ಉತ್ತರ, ಹೆಸರು ಒಂದೇ ಆದರೆ ಜಾಗವೂ ಒಂದೇ ಎಂಬುದು. ನೆಹರು ನಗರ ಎಂದಷ್ಟೇ ಬರೆದ ಲಕೋಟೆಯನ್ನು ನೆನೆದರೆ ಇದರ ಕೊರತೆ ಹೊಳೆಯುತ್ತದೆ. ಬೆಳಗಾವಿಯಲ್ಲೊಂದು ನೆಹರು ನಗರ ಇದೆ, ದಕ್ಷಿಣ ಕನ್ನಡದ ಪುತ್ತೂರಿನಲ್ಲೂ ಒಂದಿದೆ. ಮೊದಲನೆಯದು 590010, ಎರಡನೆಯದು 574203. ಭಾರತದ ಅಂಚೆ ಇಲಾಖೆ 1972ರ ಆಗಸ್ಟ್ 15ರಂದು ಪಿನ್ ಕೋಡ್ ತಂದದ್ದು ಇಂಥ ಹೆಸರುಗಳ ಗೊಂದಲ ನೀಗಲೆಂದು. ವೆಬ್ಬಿನಲ್ಲಿ ಈ ಕೆಲಸ ಮಾಡುವುದು ‘ಆರಿಜಿನ್’ ಎಂಬ ಕಲ್ಪನೆ. 2011ರ ಆರ್‌ಎಫ್‌ಸಿ 6454 ಇದನ್ನು ಮೂರು ಅಂಗಗಳಾಗಿ ವಿವರಿಸಿತು: ವಿಧಾನ (ಎಚ್‌ಟಿಟಿಪಿಯೋ, ಎಚ್‌ಟಿಟಿಪಿಎಸ್ಸೋ), ಹೋಸ್ಟ್ ಹೆಸರು (ಸರ್ವರಿನ ಹೆಸರು), ಪೋರ್ಟ್ ಸಂಖ್ಯೆ (ಒಂದೇ ಯಂತ್ರದ ಬೇರೆ ಬೇರೆ ಸೇವೆಗಳನ್ನು ಗುರುತಿಸುವ ಅಂಕಿ). ಮೂರೂ ಹೊಂದಿದರೆ ಮಾತ್ರ ಒಂದೇ ಜಾಗ.

ಮೂರರಲ್ಲಿ ಯಾವುದನ್ನು ಬಿಟ್ಟರೂ ಅಪಾಯವಿದೆ. ಹೋಸ್ಟ್ ಬೇರೆಯಾದರೆ ಗುಟ್ಟು ಮೂರನೆಯವರ ಕೈ ಸೇರುತ್ತದೆ. ಹೋಸ್ಟ್ ಅದೇ ಇದ್ದು ವಿಧಾನ ಎಚ್‌ಟಿಟಿಪಿಎಸ್‌ನಿಂದ ಎಚ್‌ಟಿಟಿಪಿಗೆ ಇಳಿದರೆ, ಲಕೋಟೆಯಲ್ಲಿದ್ದದ್ದು ಅಂಚೆ ಕಾರ್ಡಿಗೆ ಬಂದಂತೆ. ದಾರಿಯಲ್ಲಿರುವ ಪ್ರತಿಯೊಬ್ಬರೂ ಓದಬಹುದು. ಹೋಸ್ಟ್, ವಿಧಾನ ಎರಡೂ ಅವೇ ಇದ್ದು ಪೋರ್ಟ್ ಮಾತ್ರ ಬೇರೆಯಾದರೆ, ಒಂದೇ ಯಂತ್ರದಲ್ಲಿ ಇನ್ನೊಬ್ಬ ಬಳಕೆದಾರ ನಡೆಸುತ್ತಿರುವ ಸೇವೆಗೆ ಗುಟ್ಟು ದಾಟಬಹುದು. ಒಂದು ಸರ್ವರನ್ನು ಹತ್ತಾರು ಜನ ಹಂಚಿಕೊಳ್ಳುವ ಕಾಲೇಜು ಪ್ರಯೋಗಾಲಯದಲ್ಲಿ ಇದು ಕಾಲ್ಪನಿಕ ಭಯವೇನೂ ಅಲ್ಲ.

ಉಪಡೊಮೇನ್‌ಗಳ ವಿಷಯದಲ್ಲಿ ಒಮ್ಮತ ಇಲ್ಲ. ಮುಖ್ಯ ತಾಣದಿಂದ ಅದರ ಉಪತಾಣಕ್ಕೆ ರೀಡೈರೆಕ್ಟ್ ಆದರೆ ಗೋ ಭಾಷೆ ರುಜುವಾತನ್ನು ಕಳಿಸುತ್ತದೆ. ರಿಕ್ವೆಸ್ಟ್ಸ್ ಆಥರೈಸೇಶನ್ ಸಾಲನ್ನು ಕಿತ್ತುಹಾಕುತ್ತದೆ. ಎಚ್‌ಟಿಟಿಪಿಯಿಂದ ಅದೇ ಹೋಸ್ಟಿನ ಎಚ್‌ಟಿಟಿಪಿಎಸ್‌ಗೆ, ರೂಢಿಯ ಪೋರ್ಟ್‌ಗಳ ನಡುವೆ ಏರಿದರೆ ರಿಕ್ವೆಸ್ಟ್ಸ್ ವಿನಾಯಿತಿ ಕೊಡುತ್ತದೆ. ವಿಧಾನ ಬದಲಾದರೂ ಅದು ಭದ್ರತೆಯ ಕಡೆಗಿನ ಬದಲಾವಣೆ ಎಂಬುದು ಅದರ ಹಿಂದಿನ ತರ್ಕ.

ದೋಷಗಳ ಚರಿತ್ರೆ

ತಂತ್ರಾಂಶಗಳ ಭದ್ರತಾ ದೋಷಗಳಿಗೆ ಜಾಗತಿಕವಾಗಿ ಸಿವಿಇ ಎಂಬ ಕ್ರಮಸಂಖ್ಯೆ ಕೊಡುತ್ತಾರೆ. ಆ ಪಟ್ಟಿಯಲ್ಲಿ ಈ ಬಗೆಯ ದೋಷಗಳು 2014ರಿಂದ ಸಾಲಾಗಿ ಕಾಣಸಿಗುತ್ತವೆ.

ರಿಕ್ವೆಸ್ಟ್ಸ್ ಮತ್ತು ಯುಆರ್‌ಎಲ್‌ಲಿಬ್3: 2014ರಲ್ಲಿ ರಿಕ್ವೆಸ್ಟ್ಸ್ 2.3.0 ಆವೃತ್ತಿ ಎರಡು ದೋಷಗಳನ್ನು ಒಟ್ಟಿಗೇ ಸರಿಪಡಿಸಿತು: ಬೇರೆ ಹೋಸ್ಟಿಗೆ ಆಥರೈಸೇಶನ್ ಸೋರುವುದು (ಸಿವಿಇ-2014-1829) ಮತ್ತು ಪ್ರಾಕ್ಸಿ ಪಾಸ್‌ವರ್ಡ್ ಸೋರುವುದು (ಸಿವಿಇ-2014-1830). ಅಲ್ಲಿ ಹೋಲಿಸುತ್ತಿದ್ದದ್ದು ಹೋಸ್ಟ್ ಹೆಸರನ್ನು ಮಾತ್ರ. ಆದ್ದರಿಂದ ಅದೇ ಹೋಸ್ಟಿನಲ್ಲಿ ಎಚ್‌ಟಿಟಿಪಿಎಸ್‌ನಿಂದ ಎಚ್‌ಟಿಟಿಪಿಗೆ ಇಳಿದಾಗ ಸೋರಿಕೆ ಉಳಿದೇ ಇತ್ತು. 2018ರ ಅಕ್ಟೋಬರಿನ 2.20.0 ಅದನ್ನು ಮುಚ್ಚಿತು (ಸಿವಿಇ-2018-18074). ಪ್ರಾಕ್ಸಿ ಪಾಸ್‌ವರ್ಡ್ ಬೇರೊಂದು ದಾರಿಯಿಂದ ಮತ್ತೆ ಸೋರುತ್ತಿರುವುದು 2023ರಲ್ಲಿ ಗೊತ್ತಾಗಿ 2.31.0 ಬಂತು (ಸಿವಿಇ-2023-32681).

ರಿಕ್ವೆಸ್ಟ್ಸ್ ಯಾವುದರ ಮೇಲೆ ಕಟ್ಟಿದೆಯೋ ಆ ಯುಆರ್‌ಎಲ್‌ಲಿಬ್3ರ ಕಥೆ ಇನ್ನೂ ಬೋಧಪ್ರದ. ಬೇರೆ ಹೋಸ್ಟಿಗೆ ಹೋಗುವಾಗ ಆಥರೈಸೇಶನ್ ಸಾಲನ್ನು ಕಿತ್ತುಹಾಕುವ ಕೋಡ್ ಅದರ 1.23ನೇ ಆವೃತ್ತಿಯಲ್ಲಿ ಸೇರಿತು. ಆದರೆ ಆ ಕೋಡ್ ದೊಡ್ಡ ‘ಎ’ಯಿಂದ ಬರೆದ ಹೆಸರನ್ನು ಮಾತ್ರ ಹುಡುಕುತ್ತಿತ್ತು. ಹೆಡರ್ ಹೆಸರುಗಳಲ್ಲಿ ದೊಡ್ಡಕ್ಷರ ಚಿಕ್ಕಕ್ಷರದ ಭೇದ ಇಲ್ಲವೆಂಬುದು ಎಚ್‌ಟಿಟಿಪಿಯ ಮೂಲ ನಿಯಮ. ಚಿಕ್ಕ ‘ಎ’ಯಿಂದ ಬರೆದ ಪ್ರೋಗ್ರಾಮರನ ಟೋಕನ್ ಜರಡಿಯಲ್ಲಿ ಜಾರಿಹೋಗುತ್ತಿತ್ತು. 1.24.2 ಆವೃತ್ತಿ ಇದನ್ನು ತಿದ್ದಿತು (ಸಿವಿಇ-2018-25091). ಕುಕಿ ಸಾಲು ಕಿತ್ತುಹಾಕುವ ಪಟ್ಟಿಗೆ ಸೇರಿದ್ದು 2023ರ ಅಕ್ಟೋಬರಿನಲ್ಲಿ (ಸಿವಿಇ-2023-43804), ಪ್ರಾಕ್ಸಿ-ಆಥರೈಸೇಶನ್ ಸೇರಿದ್ದು 2024ರ ಜೂನ್‌ನಲ್ಲಿ (ಸಿವಿಇ-2024-37891). ಮೂರು ಹೆಸರುಗಳ ಒಂದು ಸಣ್ಣ ಪಟ್ಟಿ ಪೂರ್ತಿಯಾಗಲು ವರ್ಷಗಳೇ ಹಿಡಿದವು.

ಕರ್ಲ್: 1998ರ ಮಾರ್ಚ್‌ನಲ್ಲಿ ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಹೊರತಂದ ಕರ್ಲ್, ಇಂದು ಮೊಬೈಲಿನಿಂದ ಕಾರಿನವರೆಗೆ ಎಲ್ಲೆಡೆ ಅಡಗಿ ಕೂತಿರುವ ಲೈಬ್ರರಿ. ತನಗೆ ನೇರವಾಗಿ ಕೊಟ್ಟ ಹೆಸರು, ಪಾಸ್‌ವರ್ಡನ್ನು ಅದು ಮೊದಲ ಹೋಸ್ಟಿಗಷ್ಟೇ ಮೀಸಲಿಡುತ್ತಿತ್ತು. ಬಳಕೆದಾರ ಆಥರೈಸೇಶನ್ ಸಾಲನ್ನು ತಾನೇ ಬರೆದು ಸೇರಿಸಿದಾಗ ಮಾತ್ರ ಅದನ್ನು ಮಾಮೂಲಿ ಸಾಲೆಂದು ಎಣಿಸಿ ಎಲ್ಲ ಕಡೆ ಒಯ್ಯುತ್ತಿತ್ತು. 2018ರ ಜನವರಿಯ 7.58.0 ಅದನ್ನು ನಿಲ್ಲಿಸಿತು (ಸಿವಿಇ-2018-1000007). ಪೋರ್ಟ್ ಮತ್ತು ವಿಧಾನದ ಬದಲಾವಣೆಯನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು 2022ರ ಏಪ್ರಿಲ್‌ನ 7.83.0 (ಸಿವಿಇ-2022-27774, 27776). ವಿಳಾಸದೊಳಗಿನ ಪಾಸ್‌ವರ್ಡ್ ರೆಫರರ್ ಸಾಲಿನಲ್ಲಿ ಹೊರಹೋಗುತ್ತಿದ್ದದ್ದು 2021ರಲ್ಲಿ ನಿಂತಿತ್ತು (ಸಿವಿಇ-2021-22876).

2024ರ ಡಿಸೆಂಬರ್ 11ರಂದು ಬಂದ 8.11.1 ಸರಿಪಡಿಸಿದ ಸಿವಿಇ-2024-11053 ಇವೆಲ್ಲಕ್ಕಿಂತ ಹಳೆಯ ಗಾಯ. ನೆಟ್‌ಆರ್‌ಸಿ ಕಡತ ಬಳಸುತ್ತ ರೀಡೈರೆಕ್ಟ್ ಅನುಸರಿಸುವಾಗ, ಎರಡನೆಯ ಹೋಸ್ಟಿನ ಹೆಸರು ಆ ಕಡತದಲ್ಲಿದ್ದು ಅದರ ಮುಂದೆ ಪಾಸ್‌ವರ್ಡ್ ಬರೆದಿರದಿದ್ದರೆ, ಮೊದಲ ಹೋಸ್ಟಿನ ಪಾಸ್‌ವರ್ಡನ್ನೇ ಕರ್ಲ್ ಎರಡನೆಯದಕ್ಕೆ ಕಳಿಸುತ್ತಿತ್ತು. ಖಾಲಿ ಅಂಕಣ ಕಂಡ ಗುಮಾಸ್ತ ಮೇಲಿನ ಸಾಲನ್ನೇ ಇಳಿಸಿಕೊಂಡಂತೆ. 6.5ನೇ ಆವೃತ್ತಿಯಲ್ಲಿ ಹುಟ್ಟಿದ ಈ ದೋಷ ಕೋಡಿನಲ್ಲಿ 24 ವರ್ಷಕ್ಕೂ ಹೆಚ್ಚು ಕಾಲ ಉಳಿದಿತ್ತು. ಈ ತಿದ್ದುಪಡಿಯಿಂದಲೂ ತಪ್ಪಿಸಿಕೊಂಡ ಒಂದು ಮೂಲೆಯನ್ನು 2025ರ ಫೆಬ್ರವರಿಯ 8.12.0ರಲ್ಲಿ ಮುಚ್ಚಬೇಕಾಯಿತು.

ನೋಡ್ ಮತ್ತು ಪಿಎಚ್‌ಪಿ: 2022ನೇ ಇಸವಿ ಈ ದೋಷದ ಸುಗ್ಗಿಯ ಕಾಲ. ನೋಡ್-ಫೆಚ್ (ಸಿವಿಇ-2022-0235), ಆಕ್ಸಿಯೋಸ್ ಲೈಬ್ರರಿ ನೆಚ್ಚಿಕೊಂಡಿರುವ ಫಾಲೋ-ರೀಡೈರೆಕ್ಟ್ಸ್ (ಸಿವಿಇ-2022-0155, 0536), ಪೈಥಾನಿನ ಟ್ವಿಸ್ಟೆಡ್ (ಸಿವಿಇ-2022-21712) ಒಂದೇ ವರ್ಷದ ಪಟ್ಟಿಯಲ್ಲಿವೆ. ಪಿಎಚ್‌ಪಿಯ ಗಸ್ಸಲ್‌ನಲ್ಲಿ ಆ ವರ್ಷದ ಮೇ, ಜೂನ್ ತಿಂಗಳುಗಳಲ್ಲೇ ಕುಕಿ, ಆಥರೈಸೇಶನ್, ಪೋರ್ಟ್ ಬದಲಾವಣೆ ಎಂದು ಸಾಲುಸಾಲಾಗಿ ದೋಷ ಪ್ರಕಟಣೆಗಳು ಬಂದವು. ಗಸ್ಸಲನ್ನು ಒಳಗೆ ಇಟ್ಟುಕೊಂಡಿದ್ದ, ತಾಣ ಕಟ್ಟುವ ತಂತ್ರಾಂಶವಾದ ಡ್ರೂಪಲ್ ತನ್ನ ಬಳಕೆದಾರರಿಗೂ ತಿದ್ದುಪಡಿ ಹೊರಡಿಸಬೇಕಾಯಿತು. ಲೈಬ್ರರಿಯಲ್ಲಿನ ಒಂದು ದೋಷ ಅದರ ಮೇಲೆ ಕಟ್ಟಿದ ಸಾವಿರಾರು ತಾಣಗಳ ದೋಷವೂ ಆಗುವುದಕ್ಕೆ ಇದು ಸ್ಪಷ್ಟ ನಿದರ್ಶನ.

ಗೋ: 2017ರ 1.8 ಆವೃತ್ತಿಯಿಂದ ಗೋ ಭಾಷೆಯ ಗ್ರಾಹಕ ಹೆಡರ್‌ಗಳನ್ನು ರೀಡೈರೆಕ್ಟಿನ ಜೊತೆ ಒಯ್ಯತೊಡಗಿತು. ಸೂಕ್ಷ್ಮ ಸಾಲುಗಳನ್ನು ಹೊರಗಿನ ಡೊಮೇನಿಗೆ ಒಯ್ಯದಂತೆ ಅಂದೇ ಕಟ್ಟುಪಾಡು ಹಾಕಿತ್ತು. ಆದರೂ 2025ರ ಜನವರಿಯಲ್ಲಿ ಒಂದು ಬಿರುಕು ಬೆಳಕಿಗೆ ಬಂತು (ಸಿವಿಇ-2024-45336). ಮೊದಲ ತಾಣದಿಂದ ಎರಡನೆಯ ತಾಣಕ್ಕೆ ಹೋಗುವಾಗ ಗೋ ಗುಟ್ಟನ್ನು ಸರಿಯಾಗಿಯೇ ಬಿಟ್ಟುಹೋಗುತ್ತಿತ್ತು. ಎರಡನೆಯ ತಾಣ ತನ್ನೊಳಗೇ ಇನ್ನೊಂದು ಪುಟಕ್ಕೆ ಕಳಿಸಿದರೆ, ‘ಇದು ಅದೇ ತಾಣ’ ಎಂದುಕೊಂಡು ಬಿಟ್ಟುಬಂದ ಗುಟ್ಟನ್ನು ಮತ್ತೆ ಎತ್ತಿಕೊಳ್ಳುತ್ತಿತ್ತು. ಹೋಲಿಕೆ ಆಗಬೇಕಾದದ್ದು ಹೊರಟ ಜಾಗದೊಂದಿಗೆ. ಆಗುತ್ತಿದ್ದದ್ದು ಹಿಂದಿನ ನಿಲ್ದಾಣದೊಂದಿಗೆ.

ಓಆಥ್: ‘ಆ ಖಾತೆಯ ಮೂಲಕ ಲಾಗಿನ್ ಆಗಿ’ ಎಂಬ ಸೌಲಭ್ಯಕ್ಕೆ ತಳಹದಿಯಾದ ಓಆಥ್ ಪದ್ಧತಿ ನಡೆಯುವುದೇ ರೀಡೈರೆಕ್ಟಿನ ಮೇಲೆ. 2016ರಲ್ಲಿ ಜರ್ಮನಿಯ ಡೇನಿಯಲ್ ಫೆಟ್, ರಾಲ್ಫ್ ಕ್ಯೂಸ್ಟರ್ಸ್, ಗೀಡೊ ಶ್ಮಿಟ್ಸ್ ಇದರ ಗಣಿತಬದ್ಧ ವಿಶ್ಲೇಷಣೆ ಮಾಡಿದಾಗ ಸಿಕ್ಕ ದಾಳಿಗಳಲ್ಲಿ 307ರದೂ ಒಂದು: ಪಾಸ್‌ವರ್ಡ್ ಪಡೆದ ತಾಣ ಬಳಕೆದಾರರನ್ನು 307ರಿಂದ ಹಿಂದಕ್ಕೆ ಕಳಿಸಿದರೆ, ಬ್ರೌಸರ್ ಆ ಪಾಸ್‌ವರ್ಡನ್ನೇ ಲಾಗಿನ್ ಕೇಳಿದ್ದ ತಾಣಕ್ಕೆ ಪೋಸ್ಟ್ ಮಾಡಿಬಿಡುತ್ತದೆ. 2025ರ ಜನವರಿಯ ಆರ್‌ಎಫ್‌ಸಿ 9700 ಇಂಥಲ್ಲಿ 307 ಬಳಸಕೂಡದೆಂದು ವಿಧಿಸಿ, 303 ಬಳಸಲು ಸೂಚಿಸಿದೆ.

ಮಾನಕಗಳ ನಿಲುವು

ಲೈಬ್ರರಿಗಳು ಒಂದೊಂದಾಗಿ ಎಡವಿದ್ದಕ್ಕೆ ಒಂದು ಕಾರಣ, ರೀಡೈರೆಕ್ಟ್ ಅನುಸರಿಸುವಾಗ ಯಾವ ಸಾಲನ್ನು ಬಿಡಬೇಕೆಂದು ಹಳೆಯ ಎಚ್‌ಟಿಟಿಪಿ ದಾಖಲೆಗಳು ಬಿಡಿಸಿ ಹೇಳಿರಲಿಲ್ಲ. 2022ರ ಜೂನ್‌ನ ಆರ್‌ಎಫ್‌ಸಿ 9110 ಮೊದಲ ಸಲ ಪಟ್ಟಿ ಕೊಟ್ಟು, ಪ್ರೋಗ್ರಾಂ ಬರೆದವರು ಸೇರಿಸಿದ ಆಥರೈಸೇಶನ್, ಕುಕಿ ಮೊದಲಾದ ಸಾಲುಗಳನ್ನು ಕಿತ್ತುಹಾಕುವ ಬಗ್ಗೆ ಯೋಚಿಸಬೇಕು ಎಂದಿತು. ಯೋಚಿಸಿ ಎಂದಿತೇ ಹೊರತು ಕಡ್ಡಾಯ ಮಾಡಲಿಲ್ಲ. ಬ್ರೌಸರ್‌ಗಳು ಪಾಲಿಸುವ ಫೆಚ್ ಮಾನಕ ಅದೇ ವರ್ಷ ಇನ್ನಷ್ಟು ಬಿಗಿಯಾಗಿ, ಆರಿಜಿನ್ ಬದಲಾದರೆ ಆಥರೈಸೇಶನ್ ಹೋಗಕೂಡದೆಂಬ ನಿಯಮ ಮಾಡಿತು.

ದಾಳಿಯ ದಾರಿಗಳು

ಗೇಟಿನ ಮೇಲೆ ಚೀಟಿ ಅಂಟಿಸುವ ಅವಕಾಶ ಪರರಿಗೆ ಹೇಗೆ ಸಿಗುತ್ತದೆ? ದಾರಿಗಳು ನಾಲ್ಕು. ಒಂದು, ನಂಬಿಕೆಯ ತಾಣದಲ್ಲೇ ಇರುವ ‘ತೆರೆದ ರೀಡೈರೆಕ್ಟ್’: ವಿಳಾಸದಲ್ಲಿ ಯಾವ ತಾಣದ ಹೆಸರು ತುರುಕಿದರೂ ಅಲ್ಲಿಗೆ ಕಳಿಸುವ ಅಜಾಗರೂಕ ಪುಟ. ಎರಡು, ಮೊದಲ ಕೋರಿಕೆಯೇ ಎಚ್‌ಟಿಟಿಪಿಯಲ್ಲಿದ್ದರೆ ಹಾಸ್ಟೆಲ್ ಅಥವಾ ಹೋಟೆಲಿನ ವೈಫೈ ಜಾಲದಲ್ಲಿ ಕೂತವರು ಉತ್ತರವನ್ನೇ ಬದಲಿಸಿ ಬೇರೆ ಕಡೆ ತಿರುಗಿಸಬಹುದು. ಮೂರು, ನೋಂದಣಿ ಮುಗಿದು ಪರರು ಕೊಂಡ ಹಳೆಯ ಡೊಮೇನ್. ನಾಲ್ಕು, ಬಳಕೆದಾರರು ಕೊಟ್ಟ ವಿಳಾಸಕ್ಕೆ ತಾನೇ ಹೋಗಿ ಚಿತ್ರವನ್ನೋ ಕಡತವನ್ನೋ ತರುವ ಸೇವೆಗಳು.

ದಾಳಿಕೋರರೇ ಇಲ್ಲದ ಸೋರಿಕೆಯೂ ಉಂಟು. ಸೇವೆಯೊಂದು ಕಡತ ಕೊಡಲು ಮೂರನೆಯ ಸಂಸ್ಥೆಯ ಸಂಗ್ರಹಕ್ಕೆ ರೀಡೈರೆಕ್ಟ್ ಮಾಡಿದಾಗ ಟೋಕನ್ ಅಲ್ಲಿಗೂ ಹೋಗಿ, ಅಲ್ಲಿನ ದಾಖಲೆ ಕಡತದಲ್ಲಿ ಉಳಿಯಬಹುದು. ಅಮೆಜಾನಿನ ಎಸ್3 ಸಂಗ್ರಹ, ಸಹಿ ಸೇರಿಸಿದ ವಿಳಾಸದ ಜೊತೆಗೆ ಆಥರೈಸೇಶನ್ ಸಾಲೂ ಬಂದರೆ ‘ಒಂದೇ ಬಗೆಯ ದೃಢೀಕರಣ ಸಾಕು’ ಎಂಬರ್ಥದ ದೋಷ ತೋರಿಸಿ ಕೋರಿಕೆಯನ್ನು ತಿರಸ್ಕರಿಸುತ್ತದೆ. ಈ ದೋಷಸಂದೇಶವನ್ನು ಕಿರಿಕಿರಿ ಎಂದುಕೊಂಡ ಪ್ರೋಗ್ರಾಮರ್‌ಗಳೇ ಹೆಚ್ಚು. ಟೋಕನ್ ಹೋಗಬಾರದ ಕಡೆ ಹೋಗಿದೆ ಎಂಬ ಸುದ್ದಿ ಅದರೊಳಗೇ ಇರುತ್ತದೆ.

ಒಂದು ಪ್ರಯೋಗ

ಈ ದೋಷವನ್ನು ಕಣ್ಣಾರೆ ನೋಡಲು ಒಂದು ಲ್ಯಾಪ್‌ಟಾಪ್ ಸಾಕು. ಪೈಥಾನಿನ ಸ್ವಂತ ಸರ್ವರ್ ಮಾಡ್ಯೂಲಿನಿಂದ ಎರಡು ಪುಟ್ಟ ಸರ್ವರ್‌ಗಳನ್ನು ಬರೆಯಬೇಕು. 8000 ಪೋರ್ಟಿನಲ್ಲಿರುವುದು ಬಂದವರಿಗೆಲ್ಲ 302 ಉತ್ತರ ಕೊಟ್ಟು 9000ಕ್ಕೆ ಕಳಿಸುತ್ತದೆ. 9000ರಲ್ಲಿರುವುದು ತನಗೆ ಬಂದ ಹೆಡರ್ ಸಾಲುಗಳನ್ನೆಲ್ಲ ಪರದೆಯ ಮೇಲೆ ಅಚ್ಚು ಹಾಕುತ್ತದೆ. ಈಗ ರಿಕ್ವೆಸ್ಟ್ಸ್‌ನ ಇತ್ತೀಚಿನ ಆವೃತ್ತಿಯಿಂದ 8000ಕ್ಕೆ ಎರಡು ಸುಳ್ಳು ಗುಟ್ಟುಗಳನ್ನು ಕಳಿಸೋಣ: ಆಥರೈಸೇಶನ್ ಸಾಲಿನಲ್ಲಿ ‘ಕುಂದಾ’, ಎಕ್ಸ್-ಎಪಿಐ-ಕೀ ಸಾಲಿನಲ್ಲಿ ‘ಕರದಂಟು’.

9000ರ ಪರದೆಯಲ್ಲಿ ಕುಂದಾ ಕಾಣುವುದಿಲ್ಲ. ಪೋರ್ಟ್ ಬದಲಾಯಿತೆಂದು ಲೈಬ್ರರಿ ಆ ಸಾಲನ್ನು ಕಿತ್ತುಹಾಕಿದೆ. ಕರದಂಟು ಮಾತ್ರ ಅಲ್ಲಿ ಹಾಗೇ ಕುಳಿತಿರುತ್ತದೆ. ರೀಡೈರೆಕ್ಟ್ ಅನುಸರಿಸಲು ಹೇಳಿ ಕರ್ಲ್‌ನಿಂದ ಮಾಡಿದರೂ ಇದೇ ಫಲ. ಇನ್ನು 302ನ್ನು 307 ಮಾಡಿ, ಫಾರ್ಮಿನ ಒಡಲಿನಲ್ಲಿ ಪಾಸ್‌ವರ್ಡ್ ಇಟ್ಟು ಪೋಸ್ಟ್ ಮಾಡಿದರೆ ಒಡಲು ಪೂರ್ತಿಯಾಗಿ 9000ಕ್ಕೆ ಬಂದಿಳಿಯುತ್ತದೆ. ಇವೆರಡೂ ಲೈಬ್ರರಿಯ ದೋಷವೆಂದು ಎಣಿಕೆಯಾಗುವುದಿಲ್ಲ. ಲೈಬ್ರರಿಗೆ ಗೊತ್ತಿರುವುದು ಕೆಲವು ಹೆಸರುಗಳು ಮಾತ್ರ. ಉಳಿದ ಗುಟ್ಟುಗಳ ಹೊಣೆ ಪ್ರೋಗ್ರಾಂ ಬರೆದವರದು.

ಕರ್ನಾಟಕದ ಸಂದರ್ಭ

ಈ ವಿಷಯದೊಡನೆ ಕರ್ನಾಟಕಕ್ಕೆ ನೇರ ನಂಟು ತರುವುದು ಪೋಸ್ಟ್‌ಮನ್ ಎಂಬ ಉಪಕರಣ. ಪ್ರೋಗ್ರಾಂಗಳು ಒಂದರೊಡನೊಂದು ಮಾತಾಡಲು ಬಳಸುವ ಎಪಿಐಗಳನ್ನು ಪರೀಕ್ಷಿಸಲು ಅಭಿನವ್ ಅಸ್ಥಾನಾ 2012ರಲ್ಲಿ ಕ್ರೋಮ್ ಬ್ರೌಸರಿನ ವಿಸ್ತರಣೆಯಾಗಿ ಹೊರತಂದ ಇದು, 2014ರಲ್ಲಿ ಬೆಂಗಳೂರಿನಲ್ಲಿ ಕಂಪನಿಯಾಗಿ ಬೆಳೆದು ಜಗತ್ತಿನಾದ್ಯಂತ ಬಳಕೆಗೆ ಬಂತು. ಅದರ ಸೆಟ್ಟಿಂಗ್‌ಗಳಲ್ಲಿ ರೀಡೈರೆಕ್ಟ್ ಅನುಸರಿಸುವ ಆಯ್ಕೆ ಒಂದು, ಬೇರೆ ಹೋಸ್ಟಿಗೆ ಹೋದಾಗಲೂ ಆಥರೈಸೇಶನ್ ಉಳಿಸಿಕೊಳ್ಳುವ ಆಯ್ಕೆ ಇನ್ನೊಂದು. ಎರಡನೆಯದು ತಾನಾಗಿ ಚಾಲೂ ಇರುವುದಿಲ್ಲ. ಬೇಕೆಂದವರು ಗುರುತು ಹಾಕಬೇಕು. ಹೋಗುವುದು ಬೇರೆ, ಕೀಲಿ ತೋರಿಸುವುದು ಬೇರೆ ಎಂಬ ಭೇದವನ್ನು ಹೊಸ ವಿದ್ಯಾರ್ಥಿಗೆ ತೋರಿಸಲು ಈ ಎರಡು ಗುಂಡಿಗಳಿಗಿಂತ ಸರಳವಾದ ಪಾಠ ಸಿಗದು.

2014ರ ನವೆಂಬರ್ 1ರಂದು ಬೆಳಗಾವಿ ಸೇರಿದಂತೆ ರಾಜ್ಯದ 12 ನಗರಗಳ ಹೆಸರು ಅಧಿಕೃತವಾಗಿ ಬದಲಾಯಿತು. ಊರು, ಸಂಸ್ಥೆ, ಕಂಪನಿಗಳ ಹೆಸರು ಬದಲಾದಾಗ ಡೊಮೇನ್ ಹೆಸರೂ ಬದಲಾಗುವುದುಂಟು. ಹಳೆಯ ಹೆಸರಿಗೆ ಬರುವವರನ್ನು ಹೊಸದಕ್ಕೆ ಕಳಿಸುವ ರೀಡೈರೆಕ್ಟ್ ಇರುವಷ್ಟು ದಿನವೂ ಹಳೆಯ ಡೊಮೇನಿನ ನೋಂದಣಿ ಕೈಯಲ್ಲಿರಬೇಕು. ಹಳೆಯ ವಿಳಾಸವನ್ನೇ ಬರೆದಿಟ್ಟುಕೊಂಡ ಪ್ರೋಗ್ರಾಂಗಳು ಅಲ್ಲಿಗೇ ಟೋಕನ್ ಕಳಿಸುತ್ತಿರುತ್ತವೆ.

ಕಾನೂನಿನ ಕಡೆಯಿಂದ, ಭಾರತದ ಕಂಪ್ಯೂಟರ್ ತುರ್ತು ಸ್ಪಂದನೆ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ, ದತ್ತಾಂಶ ಸೋರಿಕೆಯಂಥ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕೆಂದು ವಿಧಿಸಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ತಕ್ಕ ಸುರಕ್ಷತಾ ಕ್ರಮ ಕೈಗೊಳ್ಳದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶ ಕೊಡುತ್ತದೆ. ಸೋರಿಕೆ ಲೈಬ್ರರಿಯದು, ನಮ್ಮದಲ್ಲ ಎಂಬ ವಾದ ಇಂಥಲ್ಲಿ ಹೆಚ್ಚು ದೂರ ಸಾಗದು.

ತಡೆಗಟ್ಟುವ ಕ್ರಮಗಳು

ಮೊದಲನೆಯದು ಆವೃತ್ತಿ. ಮೇಲೆ ಹೇಳಿದ ದೋಷಗಳಿಗೆಲ್ಲ ತಿದ್ದುಪಡಿ ಬಂದಿದೆ, ಆದರೆ ಲೈಬ್ರರಿಗಳು ಒಂದರ ಹೊಟ್ಟೆಯಲ್ಲಿ ಇನ್ನೊಂದು ಇರುವುದರಿಂದ ಹಳೆಯದೊಂದು ಒಳಗೆ ಉಳಿದಿರಬಹುದು. ಪಿಪ್-ಆಡಿಟ್, ಎನ್‌ಪಿಎಂ ಆಡಿಟ್‌ನಂಥ ಉಪಕರಣಗಳು ಹೊಟ್ಟೆಯೊಳಗಿನದನ್ನೂ ಹುಡುಕಿ ಹೇಳುತ್ತವೆ.

ಎರಡನೆಯದು, ರೀಡೈರೆಕ್ಟ್ ನಿರೀಕ್ಷೆ ಇಲ್ಲದಲ್ಲಿ ಅದನ್ನು ಅನುಸರಿಸದಿರುವುದು. ಎಪಿಐಗೆ ಟೋಕನ್ ಕಳಿಸುವ ಪ್ರೋಗ್ರಾಂ 302 ಕಂಡರೆ ನಿಂತು ದೋಷ ಎನ್ನುವುದೇ ಕ್ಷೇಮ. ಎಲ್ಲ ಪ್ರಮುಖ ಲೈಬ್ರರಿಗಳಲ್ಲೂ ಇದಕ್ಕೆ ಸ್ವಿಚ್ ಇದೆ. ಕರ್ಲ್ ಅಂತೂ ಕೇಳದೆ ಅನುಸರಿಸುವುದೇ ಇಲ್ಲ. ಕಡತ ಇಳಿಸಿಕೊಳ್ಳುವಂಥ, ರೀಡೈರೆಕ್ಟ್ ಬೇಕೇಬೇಕಾದ ಕಡೆ ಲೊಕೇಶನ್ ಸಾಲನ್ನು ಓದಿ, ಹೊಸ ವಿಳಾಸಕ್ಕೆ ಗುಟ್ಟಿಲ್ಲದ ಹೊಸ ಕೋರಿಕೆ ಕಟ್ಟಬೇಕು. ಕರ್ಲ್‌ನ ‘ಲೊಕೇಶನ್-ಟ್ರಸ್ಟೆಡ್’ ಆಯ್ಕೆ ಗುಟ್ಟನ್ನು ಎಲ್ಲ ಹೋಸ್ಟುಗಳಿಗೂ ಒಯ್ಯಲು ಒಪ್ಪಿಗೆ ಕೊಡುತ್ತದೆ. ಕೆಲಸ ಆಗಲಿಲ್ಲವೆಂದು ಎಲ್ಲಿಂದಲೋ ನಕಲು ಮಾಡಿ ಇದನ್ನು ಅಂಟಿಸುವುದು ಅಪಾಯ.

ಮೂರನೆಯದು, ಗುಟ್ಟನ್ನು ಲೈಬ್ರರಿಗೆ ಪರಿಚಯವಿರುವ ಜಾಗದಲ್ಲೇ ಇಡುವುದು. ಎಪಿಐ ರೂಪಿಸುವವರು ಸ್ವಂತ ಹೆಸರಿನ ಹೆಡರ್ ಬದಲು ಆಥರೈಸೇಶನ್ ಸಾಲನ್ನೇ ಬಳಸಿದರೆ ಲೈಬ್ರರಿಗಳು ಹತ್ತು ವರ್ಷದಲ್ಲಿ ಕಲಿತ ಪಾಠಗಳ ರಕ್ಷಣೆ ತಾನಾಗಿ ಸಿಗುತ್ತದೆ. ಟೋಕನ್‌ಗಳಿಗೆ ಕಡಿಮೆ ಆಯುಷ್ಯ, ಕಡಿಮೆ ಅಧಿಕಾರ ಕೊಟ್ಟರೆ ಸೋರಿದರೂ ಆಗುವ ನಷ್ಟ ಸಣ್ಣದು. ಸರ್ವರ್ ನಡೆಸುವವರು ತೆರೆದ ರೀಡೈರೆಕ್ಟ್‌ಗಳನ್ನು ಮುಚ್ಚಿ, ಯಾವ ಯಾವ ತಾಣಗಳಿಗೆ ಕಳಿಸಬಹುದೆಂದು ಪಟ್ಟಿ ಮಾಡಿಟ್ಟುಕೊಳ್ಳಬೇಕು.

ಕೊನೆಯದಾಗಿ, ಎರಡು ಸರ್ವರಿನ ಆ ಪ್ರಯೋಗವನ್ನೇ ಪ್ರಾಜೆಕ್ಟಿನ ಪರೀಕ್ಷೆಗಳಲ್ಲಿ ಕಾಯಂ ಸೇರಿಸಿಕೊಳ್ಳಬಹುದು. ಹೋಸ್ಟ್ ಬದಲು, ಪೋರ್ಟ್ ಬದಲು, ವಿಧಾನ ಬದಲು, ಹಾಗೂ ಒಂದೇ ಪರತಾಣದಲ್ಲಿ ಎರಡು ಸಲ ನೆಗೆತ: ಈ ನಾಲ್ಕು ಸಂದರ್ಭಗಳಲ್ಲೂ 9000ರ ಪರದೆಯಲ್ಲಿ ಗುಟ್ಟು ಕಾಣಬಾರದು. ಲೈಬ್ರರಿಯ ಹೊಸ ಆವೃತ್ತಿ ಹಾಕಿಕೊಂಡ ಪ್ರತಿ ಸಲವೂ ಇದನ್ನು ಓಡಿಸಿದರೆ, ‘ಅದೇ ಜಾಗ’ದ ಅರ್ಥ ಯಾರದೋ ಕೋಡಿನಲ್ಲಿ ಸದ್ದಿಲ್ಲದೆ ಬದಲಾದದ್ದು ಅಂದೇ ಗೊತ್ತಾಗುತ್ತದೆ.